ಬೆರಳಿನ 99 ಎಲ್ಲವನ್ನೂ ಹೇಳುವುದಿಲ್ಲ: ಹೃದಯದ ಆಪರೇಷನ್ ಆದವರ ಮನೆಯವರಿಗೆ ಆಕ್ಸಿಜನ್ ಲೆಕ್ಕ

"ಅಪ್ಪನ ಸ್ಯಾಚುರೇಶನ್ 99 ಉಂಟಂತೆ. ಇನ್ನು ಹೆದರಿಕೆ ಇಲ್ಲ ಅಲ್ವಾ?"

ಮುಂಬೈಯಲ್ಲಿ ಪರಿಚಯದ ಕನ್ನಡದವರ ಮನೆಯಲ್ಲಿ ಯಾರಿಗಾದರೂ ಬೈಪಾಸ್ ಆಯಿತೆಂದರೆ ಮರುದಿನ ನನಗೊಂದು ಫೋನ್ ಬರುತ್ತದೆ. ಅದರಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. ಡೊಂಬಿವಲಿಯ ಮಗಳು ಕೇಳುತ್ತಾಳೆ, ಪುಣೆಯ ಅಳಿಯ ಕೇಳುತ್ತಾನೆ, ಮಡಗಾಂವಿನಲ್ಲಿ ಹೋಟೆಲ್ ಇಟ್ಟಿರುವ ಭಾವ ಕೇಳುತ್ತಾರೆ. ನಾನು ಡಾಕ್ಟರಲ್ಲ, ಪರ್ಫ್ಯೂಷನಿಸ್ಟ್. ಹೃದಯವನ್ನು ನಿಲ್ಲಿಸಿ ಆಪರೇಷನ್ ಮಾಡುವಾಗ ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಮಾಡುವ ಯಂತ್ರ ಇರುತ್ತದಲ್ಲ, ಅದನ್ನು ನಡೆಸುವವನು. ಆ ಯಂತ್ರಕ್ಕೆ ಎರಡು ದಪ್ಪ ಪೈಪುಗಳು. ಒಂದರಲ್ಲಿ ದೇಹಕ್ಕೆ ಹೋಗುವ ಕೆಂಪು ರಕ್ತ, ಇನ್ನೊಂದರಲ್ಲಿ ದೇಹ ಉಪಯೋಗಿಸಿ ವಾಪಸ್ ಕಳಿಸಿದ ಕಪ್ಪುಗೆಂಪು ರಕ್ತ. ನಮ್ಮ ಕಣ್ಣು ಹೆಚ್ಚಾಗಿ ಇರುವುದು ವಾಪಸ್ ಬರುವ ಪೈಪಿನ ಮೇಲೆ. ಮನೆಯವರು ಕೇಳುವುದು ಮಾತ್ರ ಹೋಗುವ ರಕ್ತದ ಲೆಕ್ಕ. ಬೆರಳಿಗೆ ಸಿಕ್ಕಿಸುವ ಕ್ಲಿಪ್ ತೋರಿಸುವುದು ಅದನ್ನೇ.

ಕೆಳಗೆ ಬರೆದದ್ದು ದೊಡ್ಡವರ ಹೃದಯದ ಆಪರೇಷನ್ನಿಗೆ, ಮುಖ್ಯವಾಗಿ ಬೈಪಾಸ್ ಮತ್ತು ವಾಲ್ವ್‌ಗೆ. ನಿಮ್ಮ ಡಾಕ್ಟರ್ ಬೇರೆ ಸಂಖ್ಯೆ ಬರೆದುಕೊಟ್ಟಿದ್ದರೆ ಅವರದ್ದೇ ಸರಿ, ನನ್ನದನ್ನು ಬಿಡಿ.

ಮೊದಲು ಡಬ್ಬದ ಲೆಕ್ಕ

ಮುಂಬೈಯವರಿಗೆ ಇದನ್ನು ಡಬ್ಬದಲ್ಲೇ ಹೇಳಿದರೆ ಬೇಗ ಅರ್ಥವಾಗುತ್ತದೆ. ರಕ್ತದ ಹಿಮೋಗ್ಲೋಬಿನ್ ಎಂದರೆ ಊಟದ ಡಬ್ಬ. ಅದರೊಳಗಿನ ಚಪಾತಿ ಆಕ್ಸಿಜನ್. ಡಬ್ಬ ನೂರಕ್ಕೆ ಎಷ್ಟು ತುಂಬಿದೆ ಎಂಬುದೇ ಸ್ಯಾಚುರೇಶನ್. ಹೃದಯ ಎಂದರೆ ಡಬ್ಬವನ್ನು ಹೊತ್ತು ಮುಟ್ಟಿಸುವ ಡಬ್ಬಾವಾಲಾ.

ಒಂದು ಡಬ್ಬದಲ್ಲಿ ನಾಲ್ಕು ಚಪಾತಿ ಹೋಗುತ್ತದೆ. ಆರಾಮವಾಗಿ ಮಲಗಿರುವ ದೇಹ ಒಂದನ್ನು ತಿಂದು ಮೂರನ್ನು ವಾಪಸ್ ಕಳಿಸುತ್ತದೆ. ಅಂಕಿಯಲ್ಲಿ ಹೇಳುವುದಾದರೆ, ನಿಮಿಷಕ್ಕೆ ಸುಮಾರು 1000 ಮಿಲಿಲೀಟರ್ ಆಕ್ಸಿಜನ್ ಹೋಗುತ್ತದೆ, ದೇಹ ಖರ್ಚು ಮಾಡುವುದು ಸುಮಾರು 250. ಆದ್ದರಿಂದ ಹೋಗುವಾಗ 100ರ ಹತ್ತಿರ ಇದ್ದ ಸ್ಯಾಚುರೇಶನ್ ವಾಪಸ್ ಬರುವಾಗ 75ರ ಆಸುಪಾಸಿನಲ್ಲಿರುತ್ತದೆ.

ಈಗ ಹೃದಯ ಸುಸ್ತಾಯಿತು ಎಂದುಕೊಳ್ಳಿ. ಡಬ್ಬಾವಾಲಾ ನಾಲ್ಕು ಸಲ ಬರುವಲ್ಲಿ ಎರಡೇ ಸಲ ಬಂದ. ಬಂದ ಡಬ್ಬ ತುಂಬಿಯೇ ಇದೆ, ನಾಲ್ಕು ಚಪಾತಿಯೂ ಇದೆ. ಬೆರಳಿನ ಕ್ಲಿಪ್ ನೋಡುವುದು ಅದನ್ನು, ಹಾಗಾಗಿ ಅದು 99 ಎನ್ನುತ್ತದೆ. ಆದರೆ ದೇಹದ ಹಸಿವು ಕಡಿಮೆಯಾಗಿಲ್ಲವಲ್ಲ. ಒಂದೊಂದು ಡಬ್ಬದಿಂದ ಎರಡೆರಡು ಚಪಾತಿ ತೆಗೆಯುತ್ತದೆ. ವಾಪಸ್ ಬರುವ ಡಬ್ಬ ಅರ್ಧ ಖಾಲಿ, ಎಂದರೆ 50. ಬೆರಳಿಗೆ ಕಾಣದ ಕಷ್ಟ ಇಲ್ಲಿ ಕಾಣುತ್ತದೆ. ಈ ಲೆಕ್ಕವನ್ನು ಜರ್ಮನಿಯ ಅಡಾಲ್ಫ್ ಫಿಕ್ 1870ರಲ್ಲೇ ಹೇಳಿದ್ದ. ಹೃದಯ ಎಷ್ಟು ರಕ್ತ ತಳ್ಳುತ್ತಿದೆ ಎಂದು ಇವತ್ತಿಗೂ ಅದೇ ಸೂತ್ರದಿಂದ ಲೆಕ್ಕ ಹಾಕುತ್ತೇವೆ.

ಆಸ್ಪತ್ರೆಯಲ್ಲಿ ಕಿವಿಗೆ ಬೀಳುವ ಪದಗಳು ಇಷ್ಟು:

ಎಸ್‌ಪಿಒ2: ಬೆರಳಿನ ಕ್ಲಿಪ್ ತೋರಿಸುವ ಸ್ಯಾಚುರೇಶನ್. ಹೋಗುವ ರಕ್ತದ್ದು. ಸಾಮಾನ್ಯವಾಗಿ 95ರಿಂದ 100.

ಎಬಿಜಿ: ಮಣಿಕಟ್ಟಿನ ಅಪಧಮನಿಯಿಂದ (ಹೃದಯದಿಂದ ಹೊರಗೆ ಹೋಗುವ ನಾಳ) ತೆಗೆದ ರಕ್ತದ ಪರೀಕ್ಷೆ. ಇದರಲ್ಲಿ ಪಿಎಒ2 ಎಂಬ ಅಂಕಿ ಬರುತ್ತದೆ, ರಕ್ತದಲ್ಲಿ ಆಕ್ಸಿಜನ್ನಿನ ಒತ್ತಡ. 80ರಿಂದ 100 ಸರಿ. ಅದು 60ಕ್ಕೆ ಇಳಿದಾಗ ಬೆರಳಿನ ಕ್ಲಿಪ್ ಸುಮಾರು 90 ತೋರಿಸುತ್ತದೆ. ಅಲ್ಲಿಂದ ಕೆಳಗೆ ಇಳಿಜಾರು ಕಡಿದು. ಖಂಡಾಲಾ ಘಾಟಿಯ ಹಾಗೆ.

ಎಸ್‌ವಿಒ2: ವಾಪಸ್ ಬಂದ ರಕ್ತದ ಸ್ಯಾಚುರೇಶನ್. ಕುತ್ತಿಗೆಯಿಂದ ಹಾಕಿ ಹೃದಯದ ಮೂಲಕ ಶ್ವಾಸಕೋಶದ ನಾಳದವರೆಗೆ ತಲುಪಿಸಿದ ಉದ್ದನೆಯ ಕೊಳವೆಯಿಂದ ಇದನ್ನು ಅಳೆಯುತ್ತಾರೆ. ಎಲ್ಲರಿಗೂ ಆ ಕೊಳವೆ ಹಾಕುವುದಿಲ್ಲ. ಹಾಕದಿದ್ದಲ್ಲಿ ಕುತ್ತಿಗೆಯ ಸೆಂಟ್ರಲ್ ಲೈನಿನಿಂದಲೇ (ಹೃದಯದ ಹತ್ತಿರದ ದೊಡ್ಡ ನಾಳಕ್ಕೆ ಹಾಕಿದ ಕೊಳವೆ) ರಕ್ತ ತೆಗೆದು ನೋಡುತ್ತಾರೆ. ಅದು ಪೂರ್ತಿ ಅದೇ ಅಲ್ಲ, ಆದರೆ ದಿಕ್ಕು ತೋರಿಸಲು ಸಾಕು.

ಲ್ಯಾಕ್ಟೇಟ್: ಆಕ್ಸಿಜನ್ ಸಾಲದಾದಾಗ ದೇಹ ಬೇರೆ ದಾರಿಯಲ್ಲಿ ಶಕ್ತಿ ಮಾಡಿಕೊಳ್ಳುತ್ತದೆ, ಆಗ ರಕ್ತದಲ್ಲಿ ಸೇರುವ ವಸ್ತು. 2ಕ್ಕಿಂತ ಕೆಳಗಿರಬೇಕು.

ರೂಮ್ ಏರ್: ಮೂಗಿಗೆ ನಳಿಕೆ ಇಲ್ಲ, ಮಾಸ್ಕ್ ಇಲ್ಲ, ಬರೀ ಗಾಳಿ. ಅದರಲ್ಲಿ ಆಕ್ಸಿಜನ್ 21 ಶೇಕಡಾ.

ಬದುಕುಳಿಯುವುದನ್ನು ಈ ಅಂಕಿಗಳು ಹೇಳುತ್ತವೆಯೇ?

ಸ್ವಲ್ಪ ಮಟ್ಟಿಗೆ ಹೇಳುತ್ತವೆ. ಆದರೆ ಬೆರಳಿನದ್ದಲ್ಲ.

ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ಬೈಪಾಸ್ ಆದವರ ವರ್ಷಗಟ್ಟಲೆಯ ದಾಖಲೆಗಳನ್ನು ತೆಗೆದು ನೋಡಿದಾಗ, ಐಸಿಯುಗೆ ಬಂದ ಹೊತ್ತಿನಲ್ಲಿ ವಾಪಸ್ ರಕ್ತದ ಸ್ಯಾಚುರೇಶನ್ 60ಕ್ಕಿಂತ ಕಡಿಮೆ ಇದ್ದವರಲ್ಲಿ ಮೊದಲ ತಿಂಗಳ ಸಾವೂ ಹೆಚ್ಚಿತ್ತು, ಮುಂದಿನ ವರ್ಷಗಳ ಸಾವೂ ಹೆಚ್ಚಿತ್ತು. ಫಿನ್ಲೆಂಡಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಆಪರೇಷನ್ ಆದ ಮೊದಲ 8 ಗಂಟೆ ವಾಪಸ್ ಸ್ಯಾಚುರೇಶನ್ 70ರ ಮೇಲೆ, ಲ್ಯಾಕ್ಟೇಟ್ 2ರ ಒಳಗೆ ಇರುವಂತೆ ಹಠ ಹಿಡಿದು ಚಿಕಿತ್ಸೆ ಮಾಡಿದರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಂಥ ರೋಗಿಗಳು ಉಳಿದವರಿಗಿಂತ ಬೇಗ ಮನೆಗೆ ಹೋದರು. ಜರ್ಮನಿಯ ಲ್ಯೂಬೆಕ್‌ನವರು 2011ರಲ್ಲಿ ಆಪರೇಷನ್ನಿಗೆ ಮೊದಲೇ ಹಣೆಗೆ ಸ್ಟಿಕ್ಕರ್ ಅಂಟಿಸಿ ಮೆದುಳಿನ ಆಕ್ಸಿಜನ್ ಅಳೆದದ್ದನ್ನು ಬರೆದರು. ಹೊರಗಿನಿಂದ ಆಕ್ಸಿಜನ್ ಕೊಟ್ಟ ಮೇಲೂ ಆ ಅಂಕಿ 50 ದಾಟದವರಲ್ಲಿ ಮುಂದೆ ಸಾವು ಹೆಚ್ಚು.

ಆದರೆ ಇದು ಜಾತಕ ಅಲ್ಲ. ಸಾವಿರಾರು ಜನರ ಗುಂಪಿನ ಮಾತು ನಿಮ್ಮ ಅಪ್ಪ ಒಬ್ಬರ ಹಣೆಬರಹ ಆಗುವುದಿಲ್ಲ. ವಾಪಸ್ ಸ್ಯಾಚುರೇಶನ್ 55ಕ್ಕೆ ಬಂತೆಂದರೆ ಡಾಕ್ಟರರಿಗೆ ಅದು ಎಚ್ಚರಿಕೆಯ ಗಂಟೆ. ರಕ್ತ ಕಡಿಮೆಯೇ, ಹೃದಯ ಸೋತಿದೆಯೇ, ರೋಗಿ ಚಳಿಗೆ ನಡುಗುತ್ತಿದ್ದಾನೆಯೇ ಎಂದು ಹುಡುಕುತ್ತಾರೆ, ಎಷ್ಟೋ ಸಲ ಎರಡು ಗಂಟೆಯಲ್ಲಿ ಸರಿಪಡಿಸುತ್ತಾರೆ. ಇನ್ನೊಂದು ತಿರುವು: ವಾಪಸ್ ಅಂಕಿ 80 ದಾಟಿದರೂ ಖುಷಿಪಡುವಂತಿಲ್ಲ. ಸೋಂಕು ರಕ್ತಕ್ಕೆ ಹಬ್ಬಿದಾಗ ದೇಹಕ್ಕೆ ಚಪಾತಿ ತಿನ್ನಲು ಆಗುವುದಿಲ್ಲ, ಡಬ್ಬ ಹಾಗೇ ತುಂಬಿ ವಾಪಸ್ ಬರುತ್ತದೆ.

ಆಪರೇಷನ್ನಿಗೆ ಮೊದಲು ಅಪಾಯ ಅಂದಾಜು ಮಾಡಲು ಸರ್ಜನ್‌ಗಳು ಬಳಸುವ ಯೂರೋಸ್ಕೋರ್-2 ಎಂಬ ಲೆಕ್ಕದಲ್ಲಿ ವಯಸ್ಸು, ಕಿಡ್ನಿ, ಹೃದಯದ ಬಲ, ಶ್ವಾಸಕೋಶದ ಕಾಯಿಲೆ, ಆಪರೇಷನ್ ತುರ್ತೇ ಅಲ್ಲವೇ ಎಂಬುದೆಲ್ಲ ಇದೆ. ಬೆರಳಿನ ಸ್ಯಾಚುರೇಶನ್ ಇಲ್ಲ. ಇದನ್ನು ಯಾಕೆ ಹೇಳಿದೆನೆಂದರೆ, ಫ್ಯಾಮಿಲಿ ಗ್ರೂಪಿನಲ್ಲಿ ಗಂಟೆಗೊಮ್ಮೆ ಹಂಚಿಕೊಳ್ಳುವುದು ಅದೊಂದನ್ನೇ.

ಏನೇನು ಇಟ್ಟುಕೊಳ್ಳಬೇಕು

ಒಂದು ಸಣ್ಣ ನೋಟ್‌ಬುಕ್, ಒಂದು ಆಕ್ಸಿಮೀಟರ್ (ಅದೇ ಬೆರಳಿನ ಕ್ಲಿಪ್), ತೂಕದ ಮಿಷನ್, ಬಿಪಿ ಮಿಷನ್, ಥರ್ಮಾಮೀಟರ್, ಉಸಿರು ಎಳೆದಾಗ ಮೂರು ಗೋಲಿ ಮೇಲೇರುವ ಸ್ಪೈರೋಮೀಟರ್, ಒಂದು ಗಟ್ಟಿ ದಿಂಬು. ದಿಂಬು ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಆಕ್ಸಿಮೀಟರ್ ಫುಟ್‌ಪಾತಿನಲ್ಲಿ ತೆಗೆದುಕೊಳ್ಳಬೇಡಿ. ಕೋವಿಡ್ ಕಾಲದಲ್ಲಿ ಪೆನ್ಸಿಲಿಗೆ ಸಿಕ್ಕಿಸಿದರೂ 98 ತೋರಿಸುವ ಮಾಲು ಬಂದಿತ್ತು, ಅಂಥದ್ದು ಈಗಲೂ ಕೆಲವರ ಮನೆಯ ಡ್ರಾಯರಿನಲ್ಲಿ ಇದೆ. ಬಿಲ್ ಕೊಡುವ ಮೆಡಿಕಲ್‌ನಲ್ಲಿ, ನಾಡಿಯ ಅಲೆ ಓಡುವುದನ್ನು ತೋರಿಸುವ ಪರದೆ ಇರುವುದನ್ನೇ ಕೇಳಿ. ಆಸ್ಪತ್ರೆಗೆ ಒಯ್ದು ಅವರ ಮಾನಿಟರ್ ಪಕ್ಕದಲ್ಲೇ ಒಮ್ಮೆ ಹಾಕಿ ನೋಡಿ. ಎರಡು ಅಂಕಿ ವ್ಯತ್ಯಾಸ ಇದ್ದರೆ ಅದು ಯಂತ್ರದ ಸ್ವಭಾವ. ಐದು ಇದ್ದರೆ ಅಂಗಡಿಗೇ ವಾಪಸ್.

ಹಂತ 1: ಆಪರೇಷನ್ನಿಗೆ ಮೊದಲು, ಮನೆಯ ಅಂಕಿ ಬರೆದಿಡಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಆಪರೇಷನ್ ಆದಮೇಲೆ 93 ಬಂತೆಂದು ಗಾಬರಿಯಾಗುತ್ತಾರೆ, ಮೊದಲು ಎಷ್ಟಿತ್ತು ಎಂದು ಕೇಳಿದರೆ ಗೊತ್ತಿಲ್ಲ. ನಲವತ್ತು ವರ್ಷ ಬೀಡಿ ಸೇದಿದವರಿಗೆ ಮೊದಲೇ 94 ಇದ್ದಿರಬಹುದು.

ಅಡ್ಮಿಟ್ ಆಗುವ ಮೊದಲಿನ ಒಂದು ವಾರ, ದಿನಕ್ಕೆ ಎರಡು ಸಲ, ಕುಳಿತು ಐದು ನಿಮಿಷ ಆದಮೇಲೆ ಅಳೆದು ಬರೆಯಿರಿ. ನಡೆಯಲು ಡಾಕ್ಟರ್ ಒಪ್ಪಿಗೆ ಇದ್ದರೆ ಮನೆಯೊಳಗೆ ಎರಡು ನಿಮಿಷ ನಡೆದಮೇಲಿನ ಅಂಕಿಯನ್ನೂ ಬರೆಯಿರಿ. ಎದೆನೋವು ಇರುವವರು ಈ ನಡೆಯುವ ಪರೀಕ್ಷೆಗೆ ಹೋಗಲೇಬೇಡಿ.

ಹಿಮೋಗ್ಲೋಬಿನ್ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಒಂದು ಗ್ರಾಂ ಹಿಮೋಗ್ಲೋಬಿನ್ ಹೊರುವುದು ಸುಮಾರು 1.34 ಮಿಲಿಲೀಟರ್ ಆಕ್ಸಿಜನ್. ಹಿಮೋಗ್ಲೋಬಿನ್ 15 ಇದ್ದವರ 100 ಮಿಲಿಲೀಟರ್ ರಕ್ತ 20 ಮಿಲಿಲೀಟರ್ ಒಯ್ದರೆ, 8 ಇದ್ದವರದ್ದು ಒಯ್ಯುವುದು 11ಕ್ಕೂ ಕಡಿಮೆ. ಇಬ್ಬರ ಬೆರಳಿನಲ್ಲೂ 99 ಬರುತ್ತದೆ. ಡಬ್ಬಗಳೇ ಅರ್ಧ, ಇದ್ದ ಡಬ್ಬ ಮಾತ್ರ ತುಂಬಿದೆ.

ಸಿಗರೇಟು, ಬೀಡಿ ಸೇದುವವರು ನಿಲ್ಲಿಸಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿನಲ್ಲಿ ಆಕ್ಸಿಜನ್ನಿನ ಜಾಗಕ್ಕೆ ಕೂರುತ್ತದೆ, ಆಕ್ಸಿಮೀಟರ್‌ಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಎಲ್ಲವನ್ನೂ ಆಕ್ಸಿಜನ್ ಎಂದೇ ಎಣಿಸುತ್ತದೆ. ಸೇದುವವರ 98ರಲ್ಲಿ ಸ್ವಲ್ಪ ಸುಳ್ಳು ಸೇರಿರುತ್ತದೆ.

ಸ್ಪೈರೋಮೀಟರ್ ಅಭ್ಯಾಸವನ್ನು ಈಗಲೇ ಶುರುಮಾಡಿ. ಎದೆ ಕೊಯ್ದ ಮೇಲೆ ಕಲಿಯುವುದು ಕಷ್ಟ. ಊದುವುದಲ್ಲ, ಎಳೆಯುವುದು! ಹತ್ತರಲ್ಲಿ ಆರು ಜನ ಮೊದಲು ಊದುತ್ತಾರೆ.

ಹಂತ 2: ಆಪರೇಷನ್ ದಿನ

ಆ ದಿನ ನೀವು ಮಾಡಬೇಕಾದದ್ದು ಏನೂ ಇಲ್ಲ, ಕಾಯುವುದಷ್ಟೇ. ನಮ್ಮ ದೇಶದಲ್ಲಿ ಬೈಪಾಸ್ ಅನೇಕ ಕಡೆ ಹೃದಯ ನಿಲ್ಲಿಸದೆಯೇ ಮಾಡುತ್ತಾರೆ, ಆಗ ನಮ್ಮ ಯಂತ್ರ ಪಕ್ಕದಲ್ಲಿ ಸಜ್ಜಾಗಿ ನಿಂತಿರುತ್ತದೆ. ಯಂತ್ರಕ್ಕೆ ಹಾಕಿದರೆ ವಾಪಸ್ ಪೈಪಿನ ಸ್ಯಾಚುರೇಶನ್ ಕ್ಷಣಕ್ಷಣವೂ ಪರದೆಯಲ್ಲಿ ಕಾಣುತ್ತದೆ. ಅದು 65ರ ಕೆಳಗೆ ಜಾರತೊಡಗಿದರೆ ಪಂಪಿನ ವೇಗ ಹೆಚ್ಚಿಸುತ್ತೇವೆ, ರಕ್ತ ಬೇಕೇ ನೋಡುತ್ತೇವೆ, ಅರಿವಳಿಕೆ ಡಾಕ್ಟರರಿಗೆ ಹೇಳುತ್ತೇವೆ. ರಕ್ತ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದರೆ ಪರದೆ ನೋಡುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ.

ಹಂತ 3: ಐಸಿಯುವಿನ ಮೊದಲ ಎರಡು ದಿನ, ಏನು ಕೇಳಬೇಕು

ದಿನಕ್ಕೆ ಎರಡು ಸಲ, ಒಬ್ಬರಿಗೆ, ಹತ್ತು ನಿಮಿಷ. ಹೆಚ್ಚಿನ ಆಸ್ಪತ್ರೆಗಳಲ್ಲಿ ಸಿಗುವುದು ಅಷ್ಟೇ. ಆ ಹತ್ತು ನಿಮಿಷಕ್ಕೆ ಯಾರು ಹೋಗಬೇಕೆಂದು ಮೊದಲೇ ನಿರ್ಧರಿಸಿ. ಅಳುವವರು ಬೇಡ, ಕೇಳಿ ಬರೆದುಕೊಳ್ಳುವವರು ಹೋಗಲಿ. ಸಿಸ್ಟರಿಗೆ ಹಿಂದಿಯಲ್ಲೋ ಮರಾಠಿಯಲ್ಲೋ ಕೇಳಿದರೂ ಅಂಕಿಗಳ ಹೆಸರು ಇಂಗ್ಲಿಷಿನವೇ, ಆದ್ದರಿಂದ ಭಾಷೆಯ ಭಯ ಬೇಡ.

ಮೊದಲ ಪ್ರಶ್ನೆ: ಸ್ಯಾಚುರೇಶನ್ ಎಷ್ಟು, ಎಷ್ಟು ಆಕ್ಸಿಜನ್ ಮೇಲೆ? ಎರಡನೇ ಅರ್ಧ ಇಲ್ಲದೆ ಮೊದಲ ಅರ್ಧಕ್ಕೆ ಬೆಲೆ ಇಲ್ಲ. ರೂಮ್ ಏರ್‌ನಲ್ಲಿ 96 ಬೇರೆ, ವೆಂಟಿಲೇಟರ್ 60 ಶೇಕಡಾ ಆಕ್ಸಿಜನ್ ತಳ್ಳುತ್ತಿರುವಾಗ 96 ಬೇರೆ. ಡಾಕ್ಟರರು ಪಿಎಒ2ವನ್ನು ಕೊಟ್ಟ ಆಕ್ಸಿಜನ್ನಿನ ಪಾಲಿನಿಂದ ಭಾಗಿಸಿ ನೋಡುತ್ತಾರೆ, ಅದಕ್ಕೆ ಪಿ-ಎಫ್ ರೇಶಿಯೋ ಎನ್ನುತ್ತಾರೆ. ಬರೀ ಗಾಳಿಯಲ್ಲಿ ಪಿಎಒ2 80 ಇದ್ದರೆ 80ನ್ನು 0.21ರಿಂದ ಭಾಗಿಸಿ, ಸುಮಾರು 380. ಅದೇ 80 ಬರಲು 60 ಶೇಕಡಾ ಆಕ್ಸಿಜನ್ ಬೇಕಾದರೆ 133. ಮೊದಲನೆಯವರ ಶ್ವಾಸಕೋಶ ಹೆಚ್ಚುಕಡಿಮೆ ಸರಿ ಇದೆ, ಎರಡನೆಯವರದ್ದು ತೊಂದರೆಯಲ್ಲಿದೆ. 300ರ ಕೆಳಗೆ ಬಂದರೆ ಡಾಕ್ಟರ್ ಏನು ಕಾರಣ ಹೇಳುತ್ತಾರೆಂದು ಗಮನವಿಟ್ಟು ಕೇಳಿ. ಮೂಗಿನ ನಳಿಕೆಯಲ್ಲಿ ಕೊಡುವಾಗ ಲೀಟರಿಗೆ ಸುಮಾರು 4 ಶೇಕಡಾ ಸೇರಿಸಿಕೊಳ್ಳಿ: 2 ಲೀಟರಿಗೆ 28, 4 ಲೀಟರಿಗೆ 36.

ಎರಡನೇ ಪ್ರಶ್ನೆ: ಲ್ಯಾಕ್ಟೇಟ್ ಏರುತ್ತಿದೆಯೋ ಇಳಿಯುತ್ತಿದೆಯೋ? ಐಸಿಯುಗೆ ಬಂದಾಗ 4 ಇದ್ದು ರಾತ್ರಿಗೆ 2.5, ಬೆಳಿಗ್ಗೆ 1.6 ಆದರೆ ದಾರಿ ಸರಿ ಇದೆ. 2 ಇದ್ದದ್ದು 3, 5 ಎಂದು ಏರುತ್ತಿದ್ದರೆ ಬೆರಳಿನ 99ಕ್ಕೆ ಅರ್ಥವಿಲ್ಲ. ಕೆಲವು ಔಷಧಿಗಳಿಂದಲೂ ಲ್ಯಾಕ್ಟೇಟ್ ಏರುತ್ತದೆ, ಅಡ್ರಿನಾಲಿನ್ ಅವುಗಳಲ್ಲಿ ಒಂದು. ಹಾಗಾಗಿ ಈ ಒಂದನ್ನೇ ಹಿಡಿದು ಜಗಳಕ್ಕೆ ನಿಲ್ಲಬೇಡಿ.

ಮೂರನೇದು: ವಾಪಸ್ ರಕ್ತದ ಸ್ಯಾಚುರೇಶನ್ ನೋಡಿದ್ದೀರಾ? "ಮಿಕ್ಸ್ಡ್ ವೀನಸ್" ಅಥವಾ "ಸೆಂಟ್ರಲ್ ವೀನಸ್" ಎಂದರೆ ಅವರಿಗೆ ತಿಳಿಯುತ್ತದೆ. ನೋಡಿಲ್ಲ ಎಂದರೆ ತಪ್ಪಲ್ಲ. ಎಲ್ಲ ಸರಿಯಾಗಿ ನಡೆಯುತ್ತಿರುವ ರೋಗಿಗೆ ಅನೇಕ ಕಡೆ ನೋಡುವುದಿಲ್ಲ.

ಇವುಗಳ ಜೊತೆಗೆ ಹಿಮೋಗ್ಲೋಬಿನ್, ಮತ್ತು ಗಂಟೆಗೆ ಮೂತ್ರ ಎಷ್ಟು. ದೇಹದ ಒಂದು ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್ ಬರಬೇಕು, 70 ಕಿಲೋದವರಿಗೆ 35. ಮೂತ್ರ ಬರುತ್ತಿದೆ, ಕೈಕಾಲು ಬೆಚ್ಚಗಿದೆ, ಕರೆದರೆ ಕಣ್ಣು ಬಿಡುತ್ತಾರೆ ಎಂದರೆ ರಕ್ತ ತಲುಪಬೇಕಾದಲ್ಲಿಗೆ ತಲುಪುತ್ತಿದೆ. ನನ್ನನ್ನು ಕೇಳಿದರೆ ಪಾದ ಮುಟ್ಟಿ ನೋಡುವ ಹಳೆಯ ಸಿಸ್ಟರುಗಳಿಗೆ ಮಾನಿಟರಿಗಿಂತ ಮೊದಲೇ ಗೊತ್ತಾಗುತ್ತದೆ.

ಇಲ್ಲಿ ಸಾಮಾನ್ಯ ತಪ್ಪುಗಳು ಮೂರು. ಗಾಜಿನ ಹೊರಗಿನಿಂದ ಮಾನಿಟರಿನ ಫೋಟೋ ತೆಗೆದು ಊರಿಗೆ ಕಳಿಸುವುದು, ಅದನ್ನು ನೋಡಿ ಉಡುಪಿಯ ಸೋದರಮಾವ ಇನ್ನೊಬ್ಬ ಡಾಕ್ಟರರನ್ನು ಕೇಳಿ ಸಲಹೆ ಕಳಿಸುವುದು. ಮಾನಿಟರ್ ಕೂಗಿದ ತಕ್ಷಣ ಓಡುವುದು: ಕೈ ಅಲುಗಿದರೂ, ಬಿಪಿ ಪಟ್ಟಿ ಅದೇ ಕೈಯಲ್ಲಿ ಬಿಗಿದರೂ ಅದು ಕೂಗುತ್ತದೆ. ಮೂರನೆಯದು, 94 ಯಾಕೆ, ಇನ್ನಷ್ಟು ಆಕ್ಸಿಜನ್ ಕೊಟ್ಟು 100 ಮಾಡಿ ಎಂದು ಒತ್ತಾಯಿಸುವುದು. ಆಕ್ಸಿಜನ್ ಔಷಧಿ, ಪ್ರಸಾದ ಅಲ್ಲ. ಬೇಕಾದ್ದಕ್ಕಿಂತ ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದಾಗುವುದಿಲ್ಲ. ಸಿಒಪಿಡಿ ಇರುವವರಿಗೆ, ಎಂದರೆ ಹೊಗೆಯಿಂದಲೋ ಬೇರೆ ಕಾರಣದಿಂದಲೋ ಶ್ವಾಸನಾಳ ಖಾಯಂ ಕೆಟ್ಟವರಿಗೆ, ಬೇಕೆಂದೇ 88ರಿಂದ 92ರಲ್ಲಿ ಇಡುವುದುಂಟು.

ಮಕ್ಕಳ ವಿಷಯ ಒಂದೇ ಮಾತಿನಲ್ಲಿ: ಹುಟ್ಟಿನಿಂದ ಹೃದಯದ ದೋಷ ಇದ್ದು ಮೊದಲ ಹಂತದ ಶಂಟ್ ಆಪರೇಷನ್ (ಶ್ವಾಸಕೋಶಕ್ಕೆ ರಕ್ತ ಹೋಗಲು ಸಣ್ಣ ಕೊಳವೆ ಜೋಡಿಸುವುದು) ಆದ ಮಗುವಿಗೆ 75ರಿಂದ 85 ಇರುವುದೇ ನಿರೀಕ್ಷೆ. ಈ ಲೇಖನದ ಯಾವ ಅಂಕಿಯನ್ನೂ ಆ ಮಗುವಿಗೆ ಹಚ್ಚಬೇಡಿ.

ಹಂತ 4: ವಾರ್ಡಿನಲ್ಲಿ, ಕೆಲಸ ಈಗ ನಿಮ್ಮದು

ಐಸಿಯು ದಾಟಿದ ಮೇಲೆ ಆಕ್ಸಿಜನ್ ಇಳಿಯುವುದು ಹೆಚ್ಚಾಗಿ ಹೃದಯದಿಂದಲ್ಲ, ಶ್ವಾಸಕೋಶದಿಂದ. ಎದೆಮೂಳೆ ಕೊಯ್ದ ನೋವಿಗೆ ಹೆದರಿ ರೋಗಿ ಮೇಲೆಮೇಲೆ ಉಸಿರಾಡುತ್ತಾನೆ. ಕೆಳಭಾಗದ ಶ್ವಾಸಕೋಶ ಗಾಳಿ ಇಲ್ಲದೆ ಮುದುಡಿಕೊಳ್ಳುತ್ತದೆ. ಕಫ ನಿಲ್ಲುತ್ತದೆ. ಎಡಗಡೆ ನೀರು ತುಂಬುವುದೂ ಬೈಪಾಸ್ ಆದವರಲ್ಲಿ ಸಾಮಾನ್ಯ.

ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಸಲ ಸ್ಪೈರೋಮೀಟರ್ ಎಳೆಸಿ. ಗೋಲಿಯನ್ನು ಧಡಕ್ಕನೆ ಹಾರಿಸುವುದಲ್ಲ, ನಿಧಾನ ಎಳೆದು ಎರಡು ಮೂರು ಸೆಕೆಂಡ್ ನಿಲ್ಲಿಸಬೇಕು. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿ ಹಿಡಿಯಲಿ, ಮೂಳೆಗೆ ಆಧಾರ ಸಿಗುತ್ತದೆ. ಕೆಮ್ಮು ತಡೆಯಬೇಡಿ, ಕಫ ಹೊರಗೆ ಬರಲಿ. ನೋವಿನ ಮಾತ್ರೆ ಬೇಡ ಎನ್ನುವ ಹಿರಿಯರಿದ್ದಾರೆ, "ನನಗೆ ತಡ್ಕೊಳ್ಳಲಿಕ್ಕೆ ಆಗ್ತದೆ" ಎಂದು. ತಡೆದುಕೊಳ್ಳುವುದೆಂದರೆ ಉಸಿರು ಕಡಿಮೆ ಮಾಡುವುದು. ಮಾತ್ರೆ ಕೊಟ್ಟು ಅರ್ಧ ಗಂಟೆ ಬಿಟ್ಟು ನಡೆಸಿ.

ಎರಡರಿಂದ ನಾಲ್ಕನೇ ದಿನದ ನಡುವೆ ಹೃದಯದ ಬಡಿತ ತಾಳ ತಪ್ಪುವುದು ಬಹಳ ಜನರಿಗೆ ಆಗುತ್ತದೆ. ಅದಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಆಗ ಬೆರಳಿನ ಕ್ಲಿಪ್ ಕೂಡ ತಡವರಿಸುತ್ತದೆ, ಅಂಕಿ ಕುಣಿಯುತ್ತದೆ. ಕುಣಿಯುವ ಅಂಕಿಯನ್ನು ಬಿಟ್ಟು, ನಾಡಿ ತಾಳ ತಪ್ಪಿದೆ ಎಂದು ಸಿಸ್ಟರಿಗೆ ಹೇಳಿ.

ಹಂತ 5: ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕುವ ಮೊದಲು

ಬಿಲ್ಲಿಂಗ್ ಕೌಂಟರಿನ ಗಡಿಬಿಡಿಯಲ್ಲಿ ಇದು ಮರೆತೇಹೋಗುತ್ತದೆ. ನಾಲ್ಕು ವಿಷಯ ಬರೆಸಿಕೊಳ್ಳಿ: ರೂಮ್ ಏರ್‌ನಲ್ಲಿ ಕುಳಿತಾಗ ಸ್ಯಾಚುರೇಶನ್, ಕಾರಿಡಾರಿನಲ್ಲಿ ನಡೆದಮೇಲೆ ಸ್ಯಾಚುರೇಶನ್, ಇವತ್ತಿನ ತೂಕ, ಮತ್ತು ಎಷ್ಟಕ್ಕಿಂತ ಕೆಳಗೆ ಹೋದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದು. ಮನೆ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿದ್ದರೆ ಅದನ್ನು ಈಗಲೇ ಹೇಳಿ, ಫಿಸಿಯೋಥೆರಪಿಸ್ಟ್ ಮೆಟ್ಟಿಲು ಹತ್ತಿಸಿ ನೋಡಿ ಕಳಿಸುತ್ತಾರೆ. ಹೇಳದೆ ಮನೆಗೆ ಹೋಗಿ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದವರನ್ನು ನೋಡಿದ್ದೇನೆ.

ಹಂತ 6: ಮನೆಯಲ್ಲಿ ಅಳೆಯುವುದು

ಬೆರಳಿನ ಯಂತ್ರದ ಮೂಲ ತತ್ವವನ್ನು ಜಪಾನಿನ ತಕುವೊ ಅಯೋಯಾಗಿ 1970ರ ದಶಕದ ಆರಂಭದಲ್ಲಿ ಕಂಡುಹಿಡಿದರು. ಇಡೀ ಲೋಕ ಆ ಯಂತ್ರಕ್ಕಾಗಿ ಅಂಗಡಿ ಅಂಗಡಿ ಅಲೆಯುತ್ತಿದ್ದ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು. ತತ್ವ ಸರಳ. ಬೆರಳಿನ ಮೂಲಕ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನೂ ಹಾಯಿಸಿ, ನಾಡಿಯ ಜೊತೆ ಮಿಡಿಯುವ ರಕ್ತ ಎಷ್ಟೆಷ್ಟು ಬೆಳಕನ್ನು ಹೀರಿತು ಎಂದು ಲೆಕ್ಕ ಹಾಕುವುದು. ನಾಡಿ ಸಿಗದಿದ್ದರೆ, ಬೆಳಕು ಹಾಯದಿದ್ದರೆ ಲೆಕ್ಕ ಕೆಡುತ್ತದೆ. ಇದಿಷ್ಟು ತಿಳಿದರೆ ಕೆಳಗಿನ ಸೂಚನೆಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಐದು ನಿಮಿಷ ಕುಳಿತಿರಲಿ. ಎಸಿ, ಫ್ಯಾನಿನಿಂದ ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ನೈಲ್ ಪಾಲಿಶ್ ಇದ್ದರೆ ಒರೆಸಿ, ಕಡು ಮೆಹಂದಿ ಇದ್ದರೆ ಮೆಹಂದಿ ಇಲ್ಲದ ಬೆರಳು ಹುಡುಕಿ. ಕೈಯನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಮಧ್ಯದ ಬೆರಳಿಗೆ ಹಾಕಿ, ಮಾತಾಡದೆ ಒಂದು ನಿಮಿಷ ಬಿಡಿ. ಮೊದಲು ಬಂದ ಅಂಕಿಯನ್ನು ಬರೆಯಬೇಡಿ, ಅಲೆ ಒಂದೇ ಸಮ ಓಡತೊಡಗಿದ ಮೇಲೆ ನಿಂತ ಅಂಕಿಯನ್ನು ಬರೆಯಿರಿ. ಯಂತ್ರ ತೋರಿಸುವ ನಾಡಿಯನ್ನು ಮಣಿಕಟ್ಟಿನಲ್ಲಿ ಎಣಿಸಿದ ನಾಡಿಗೆ ಹೋಲಿಸಿ. ಎರಡೂ ಹೊಂದದಿದ್ದರೆ ಆ ಸ್ಯಾಚುರೇಶನ್ನನ್ನೂ ನಂಬಬೇಡಿ.

ಚರ್ಮ ಕಪ್ಪಾದಷ್ಟು ಯಂತ್ರ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವ ಸಾಧ್ಯತೆ ಹೆಚ್ಚು ಎಂದು ಅಮೆರಿಕದಲ್ಲಿ 2020ರಲ್ಲಿ ಬಂದ ಅಧ್ಯಯನ ತೋರಿಸಿತು. ನಮ್ಮಲ್ಲಿ ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ಹೇಳಬೇಕು. ಅಂಕಿ ಸರಿ ಇದ್ದರೂ ಉಸಿರು ಕಟ್ಟುತ್ತಿದ್ದರೆ ಉಸಿರನ್ನೇ ನಂಬಿ.

ಬೆಳಿಗ್ಗೆ ಒಂದು, ಸಂಜೆ ಒಂದು ಸಲ ಸಾಕು. ಗಂಟೆಗೊಮ್ಮೆ ಅಳೆದರೆ ರೋಗಿಗೂ ನಿದ್ದೆ ಇಲ್ಲ, ನಿಮಗೂ ಇಲ್ಲ.

ಬಂದ ಅಂಕಿಗೆ ಏನು ಮಾಡಬೇಕು? 95 ಅಥವಾ ಮೇಲೆ ಇದ್ದರೆ ಬರೆದಿಟ್ಟು ಮುಂದಿನ ಕೆಲಸ ನೋಡಿ. 93, 94 ಬಂದರೆ ನೇರ ಕೂರಿಸಿ, ಹತ್ತು ದೀರ್ಘ ಉಸಿರು ಎಳೆಸಿ, ಇನ್ನೊಂದು ಬೆರಳಿನಲ್ಲಿ ಮತ್ತೆ ನೋಡಿ. ಹಾಗೇ ಇದ್ದರೆ, ಅದರಲ್ಲೂ ಡಿಸ್ಚಾರ್ಜ್ ದಿನದ ಅಂಕಿಗಿಂತ ಮೂರು ಕಡಿಮೆ ಇದ್ದರೆ, ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ. 92 ಅಥವಾ ಕೆಳಗೆ ಎರಡು ಸಲ ಬಂದರೆ ಫೋನಿನಲ್ಲೇ ಕೂರದೆ ಹೊರಡಿ. ತುಟಿ ನೀಲಿಯಾಗಿದೆ, ಒಂದು ವಾಕ್ಯ ಪೂರ್ತಿ ಆಡಲು ಉಸಿರು ಸಾಲದು, ಎದೆನೋವು, ಮಂಪರು, ಒಂದೇ ಕಾಲು ಊದಿ ನೋಯುತ್ತಿದೆ ಮತ್ತು ಉಸಿರೂ ಕಟ್ಟುತ್ತಿದೆ, ಇವುಗಳಲ್ಲಿ ಯಾವುದೊಂದು ಇದ್ದರೂ ಅಂಕಿ ಎಷ್ಟೇ ಇರಲಿ ಆಂಬುಲೆನ್ಸಿನ 108ಕ್ಕೆ ಫೋನ್ ಮಾಡಿ. ಮಹಾರಾಷ್ಟ್ರಕ್ಕೂ ಗೋವಾಕ್ಕೂ ಅದೇ ನಂಬರ್.

ತೂಕವನ್ನು ಮರೆಯಬೇಡಿ. ದಿನಾ ಬೆಳಿಗ್ಗೆ, ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮೊದಲು. ಒಂದೇ ದಿನದಲ್ಲಿ ಒಂದು ಕಿಲೋಗಿಂತ ಹೆಚ್ಚು, ಅಥವಾ ವಾರದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ಗಂಜಿ-ಉಪ್ಪಿನಕಾಯಿಯ ಕೊಬ್ಬಲ್ಲ, ನೀರು. ಸ್ಯಾಚುರೇಶನ್ ಇಳಿಯುವ ಮೊದಲೇ ತೂಕ ಏರಿರುತ್ತದೆ, ಎರಡು ದಿನ ಮುಂಚೆ ಗೊತ್ತಾದರೆ ಎಷ್ಟೋ ಸಲ ಒಂದು ಮಾತ್ರೆಯಲ್ಲಿ ಮುಗಿಯುತ್ತದೆ. ಉಪ್ಪಿನಕಾಯಿ ನಿಲ್ಲಿಸಿ ಎಂದರೆ ನಮ್ಮವರಿಗೆ ಆಪರೇಷನ್ನಿಗಿಂತ ಹೆಚ್ಚು ಬೇಜಾರು, ಗೊತ್ತು. ನಿಲ್ಲಿಸಿ.

ಧೂಪ, ಅಗರಬತ್ತಿ, ಸೊಳ್ಳೆ ಕಾಯಿಲ್‌ಗಳನ್ನು ರೋಗಿಯ ಕೋಣೆಯಿಂದ ದೂರ ಇಡಿ. ದೀಪಾವಳಿಯ ವಾರ ಕಿಟಕಿ ಹಾಕಿರಲಿ.

ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ತರಿಸಿ ಇಟ್ಟುಕೊಳ್ಳೋಣವೇ ಎಂದು ಕೇಳುತ್ತಾರೆ. ಡಾಕ್ಟರ್ ಬರೆದಿಲ್ಲದಿದ್ದರೆ ಬೇಡ. ಇಳಿದ ಅಂಕಿಯನ್ನು ಸಿಲಿಂಡರ್ ಎರಡು ದಿನ ಮುಚ್ಚಿಡುತ್ತದೆ, ಒಳಗಿನ ನ್ಯುಮೋನಿಯಾ ಬೆಳೆಯುತ್ತಲೇ ಇರುತ್ತದೆ.

ಹಂತ 7: ಊರಿಗೆ ಯಾವಾಗ ಹೋಗಬಹುದು

ಹದಿನೈದನೇ ದಿನಕ್ಕೆ ಈ ಪ್ರಶ್ನೆ ಶುರುವಾಗುತ್ತದೆ. ಮೊದಲ ಚೆಕಪ್ ಆಗಿ, ಎಕ್ಸ್‌ರೇಯಲ್ಲಿ ಶ್ವಾಸಕೋಶ ಹಿಗ್ಗಿದೆ, ನೀರಿಲ್ಲ ಎಂದು ಡಾಕ್ಟರ್ ಹೇಳುವವರೆಗೆ ಟಿಕೆಟ್ ತೆಗೆಯಬೇಡಿ.

ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 2400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ನೆಲದಲ್ಲಿ 97 ಇದ್ದವರಿಗೆ ಅಲ್ಲಿ ಕೆಲವು ಅಂಕಿ ಕಡಿಮೆಯಾದರೂ ತೊಂದರೆ ಇಲ್ಲ, ನೆಲದಲ್ಲೇ 92 ಇದ್ದವರಿಗೆ ಜಾರಲು ಜಾಗ ಇಲ್ಲ. ಮೇಲೆ ಹೇಳಿದ ಇಳಿಜಾರು ನೆನಪಿಸಿಕೊಳ್ಳಿ. ಮಂಗಳೂರಿಗೆ ವಿಮಾನ ಹತ್ತುವ ಮೊದಲು ಸರ್ಜನ್ ಕೈಯಿಂದ ಪ್ರಯಾಣಕ್ಕೆ ಅಡ್ಡಿ ಇಲ್ಲ ಎಂಬ ಕಾಗದ ತೆಗೆದುಕೊಳ್ಳಿ. ಮಹಾಬಳೇಶ್ವರ ಸುಮಾರು 1350 ಮೀಟರ್, ಅಲ್ಲಿ ಉಸಿರಿಗಿಂತ ಹತ್ತಿಳಿಯುವ ದಾರಿಯೇ ಹೆಚ್ಚು ಸುಸ್ತು ಮಾಡುತ್ತದೆ.

ರೈಲಾದರೆ ಮತ್ಸ್ಯಗಂಧದಲ್ಲಿ ಲೋವರ್ ಬರ್ತ್ ಸಿಗುವಂತೆ ನೋಡಿಕೊಳ್ಳಿ. ಎರಡು ಮೂರು ತಿಂಗಳು ಎದೆಮೂಳೆ ಕೂಡಿಕೊಳ್ಳುವ ಕಾಲ, ಸೂಟ್‌ಕೇಸ್ ಎತ್ತುವುದು, ಸರಪಳಿ ಹಿಡಿದು ಮೇಲಿನ ಬರ್ತಿಗೆ ಹತ್ತುವುದು ಎರಡೂ ಇಲ್ಲ. ಲೋಕಲ್ ರೈಲಿನ ಪೀಕ್ ಅವರ್ ಕೂಡ ಇಲ್ಲ. ರಾತ್ರಿ ಪ್ರಯಾಣದಲ್ಲಿ ಒಂದೆರಡು ಗಂಟೆಗೊಮ್ಮೆ ಎದ್ದು ಬೋಗಿಯೊಳಗೆ ನಾಲ್ಕು ಹೆಜ್ಜೆ ನಡೆಸಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು. ಡಿಸ್ಚಾರ್ಜ್ ಕಾಗದದ ಜೆರಾಕ್ಸ್ ಒಂದನ್ನು ರೋಗಿಯ ಜೇಬಿನಲ್ಲಿ, ಒಂದನ್ನು ನಿಮ್ಮ ಬ್ಯಾಗಿನಲ್ಲಿ ಇಡಿ. ಆಕ್ಸಿಮೀಟರಿನ ಎರಡು ಸೆಲ್ ಹೆಚ್ಚಿಗೆ ಇರಲಿ, ರತ್ನಾಗಿರಿ ದಾಟಿದ ಮೇಲೆ ನಡುರಾತ್ರಿಯಲ್ಲಿ ಸಿಗುವುದಿಲ್ಲ.